ಉಪ್ಪಿಗೊಂದು ಪೈಪು, ಇಲಿಗೊಂದು ಪೈಪು

ಮನುಷ್ಯ ಎಲ್ಲಿಗೇ ಹೋಗಲಿ, ಹುಟ್ಟಿದೂರಿನ ಶತ್ರುವನ್ನು ಜೊತೆಯಲ್ಲೇ ಹೊತ್ತುಕೊಂಡು ಹೋಗುತ್ತಾನೆ. ನಮ್ಮ ಮಾವನವರ ಶತ್ರು ಇಲಿ.

ಅವರದು ತುರುವೇಕೆರೆ ಕಡೆ ತೆಂಗಿನ ತೋಟ. ನಮ್ಮ ಸೀಮೆಯಲ್ಲಿ ಕಾಯನ್ನು ಮಟ್ಟೆ ಸುಲಿಯದೆ ಅಟ್ಟಕ್ಕೆ ಹಾಕಿ, ನೀರು ಇಂಗಿ ಒಳಗಿನ ಕೊಬ್ಬರಿ ಗಲಗಲ ಅನ್ನುವ ತನಕ ವರ್ಷವೊಪ್ಪತ್ತು ಬಿಡುತ್ತೇವೆ. ಇಲಿಗಳಿಗೆ ಅಷ್ಟು ತಾಳ್ಮೆಯಿಲ್ಲ. ಅಲ್ಲಿಯವರೆಗೆ ಹೊತ್ತು ಕಳೆಯಲು ವೈರು ಕಡಿಯುತ್ತವೆ. ಹಾಗಾಗಿ ಅಟ್ಟವಿದ್ದ ಮನೆಗಳಿಗೆಲ್ಲ ಕಬ್ಬಿಣದ ಪೈಪಿನೊಳಗೇ ವೈರು. ತಿಪಟೂರಿನಲ್ಲಿ ನನ್ನ ಎಲೆಕ್ಟ್ರಿಕ್ ಅಂಗಡಿ ನಡೆಯುತ್ತಿದ್ದುದೇ ಮೂಷಿಕ ಕೃಪೆಯಿಂದ.

ಎಂಬತ್ತರ ದಶಕದ ಶುರುವಿನಲ್ಲಿ ಮಾವನವರು ಕಿರಿಮಗಳಿಗೆ ಕಡಲ ದಂಡೆಯಲ್ಲಿ ಮನೆ ಕಟ್ಟಿಸಲು ಹೊರಟರು. ಅವಳ ಗಂಡನಿಗೆ ಬಂದರಿನಲ್ಲಿ ಕೆಲಸ. ವೈರಿಂಗ್ ಸಾಮಾನು ಆರಿಸುವ ಭಾರ ಹಿರಿಯಳಿಯನಾದ ನನ್ನ ತಲೆಗೆ ಬಂತು. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿದು ತೂತಾಗುತ್ತದೆ, ತೇವ ಒಳನುಗ್ಗುತ್ತದೆ, ಆಮೇಲೆ ಗೋಡೆ ಮುಟ್ಟಿದರೆ ಶಾಕ್. ಅವಳ ಕೂಸು ಆಗಿನ್ನೂ ತೊಟ್ಟಿಲಲ್ಲಿತ್ತು. ಮನೆ ಮುಗಿಯುವ ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತಿರುತ್ತದೆ. ಪ್ಲಾಸ್ಟಿಕ್ ಪೈಪು, ತಾಮ್ರದ ವೈರು, ಹಿತ್ತಾಳೆ ಸ್ಕ್ರೂ ಎಂದೆ.

"ಪ್ಲಾಸ್ಟಿಕ್ಕಾ? ಇಲಿಗಳು ಮುದ್ದೆ ನುಂಗ್ದಂಗೆ ನುಂಗ್ತವೆ ಕಣ್ರೀ," ಎಂದರು ಮಾವ.

"ಅಲ್ಲಿ ಕೊಬ್ಬರಿ ಅಟ್ಟ ಎಲ್ಲಿಂದ ಬರ್ತದೆ ಮಾವ?"

"ಕಟ್ಟಿಸ್ತಾ ಇದೀನಲ್ಲ! ಕಾಯಿ ಮೂಟೆ ನಾನೇ ಕಳಿಸ್ತೀನಿ."

"ಕಡಲ ತಾವೂ ತೆಂಗು ಬೆಳೀತಾರೆ."

"ಅದೂ ಒಂದು ಕಾಯೇನ್ರೀ!"

ಈ ಶಾಸ್ತ್ರಾರ್ಥ ಬೇಸಿಗೆಯುದ್ದಕ್ಕೂ ನಡೆಯಿತು. ಸಂತೆಗೆ ಬಂದಾಗಲೆಲ್ಲ ಅವರು ಅಂಗಡಿ ಬೆಂಚಿನ ಮೇಲೆ ಕೂತು ಮೊದಲಿನಿಂದ ಶುರುಮಾಡುವರು. ವಾದಿಸಿ ವಾದಿಸಿ ನನಗೆ ಪೈಪು ಅಂದರೇ ಆಕಳಿಕೆ ಬರತೊಡಗಿತು. ಕೊನೆಗೆ ಅತ್ತೆಯೇ ತೀರ್ಪು ಕೊಟ್ಟರು: "ಎರಡು ಥರ ಪೈಪ್ನಲ್ಲೂ ಎರಡೆರಡು ತುಂಡು ತನ್ನಿ. ಒಂದೊಂದು ಉಪ್ಪುನೀರಿನ ಮಡಕೇಗೆ, ಒಂದೊಂದು ಅಟ್ಟಕ್ಕೆ. ಏನಾಗ್ತದೋ ನೋಡಾನ, ಅಲ್ಲೀಗಂಟ ಇಬ್ರೂ ಸುಮ್ಕಿರಿ."

ತನಿಖೆ ಮುಗಿದ ದಿನ ಮನೆಮಂದಿಯೆಲ್ಲ ಸಭೆ ಸೇರಿದೆವು. ಮಡಕೆಯಲ್ಲಿದ್ದ ಕಬ್ಬಿಣ ಕೆಂಪಗೆ ಹೊಪ್ಪಳೆ ಎದ್ದಿತ್ತು. ಅಟ್ಟದಲ್ಲಿದ್ದ ಪ್ಲಾಸ್ಟಿಕ್ಕನ್ನು ಇಲಿ ಕಡಿದಿತ್ತು. ಇಬ್ಬರೂ ಗೆದ್ದಿದ್ದೆವು. ಇಂಥ ಗೆಲುವಿಗಿಂತ ಸೋಲೇ ವಾಸಿ.

"ಈಗೇನಂತೀರಾ ಅಳಿಯಂದ್ರೇ?" ಮಾವನವರು ಇಲಿ ಕಡಿದ ತುಂಡನ್ನು ಮಂಗಳಾರತಿಯಂತೆ ಎತ್ತಿ ಹಿಡಿದರು.

ನಾನು ತುಕ್ಕು ಹಿಡಿದ ತುಂಡನ್ನು ಅವರ ಇನ್ನೊಂದು ಕೈಗಿಟ್ಟೆ. ಅಂಗೈಗೆ ಹತ್ತಿದ ಕೆಂಪನ್ನು ಪಂಚೆಗೆ ಒರೆಸಿದರು, ಮತ್ತೆ ಒರೆಸಿದರು.

"ಕೂಸು ಗೋಡೆ ಹಿಡ್ಕೊಂಡೇ ಅಲ್ವಾ ನಡೆಯೋದು," ಎಂದರು ಆಮೇಲೆ. "ಗೋಡೆ ನಿಮ್ದು, ಅಟ್ಟ ನಂದು. ಆಯ್ತು ಬುಡಿ."

ಗೋಡೆಗಳಲ್ಲಿ ಪ್ಲಾಸ್ಟಿಕ್ ಪೈಪು ಹಾಕಿ ಮೇಲೆ ಗಾರೆ ಮಾಡಿಸಿದೆವು. ಇಲಿಗೆ ಕಡಿಯಲು ಏನೂ ಸಿಗದಂತೆ ಅಟ್ಟಕ್ಕೆ ವೈರನ್ನೇ ಎಳೆಯಲಿಲ್ಲ.