ಷರಾ ಅಂಕಣದ ಬೇವು

ಮರ ಅಳೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಬಹಳ ಇತ್ತು. ಮಾನ್ವಿಯಿಂದ ಬೆಳಗಿನ ಬಸ್ಸು ಹಿಡಿದು, ರಸ್ತೆ ಅಗಲ ಮಾಡುವ ಕಡೆಗೆಲ್ಲ ಹೋಗಿ, ಯಾವ ಮರ, ಎಷ್ಟು ದಪ್ಪ, ಕಡಿದರೆ ಎಷ್ಟು ಸೌದೆ ಎಂದು ಪಟ್ಟಿ ಬರೆಯುವುದು ನನ್ನ ಗುತ್ತಿಗೆ ಕೆಲಸ. ಅರಕೇರಾ ಹತ್ತಿರ ರಸ್ತೆಗೆ ಅಡ್ಡ ಬರುವ ಒಂದು ಬೇವಿನ ಬುಡದ ಸುತ್ತ ಕಲ್ಲುಗಳು ಒತ್ತಾಗಿ ಕೂತಿದ್ದವು. ಟೇಪು ಸುತ್ತಲು ಅಡ್ಡಿಯಾಯಿತು. ಎಲ್ಲವನ್ನೂ ಕಾಲಿನಿಂದ ಸರಿಸಿ ಒಂದು ಕಡೆ ಗುಡ್ಡೆ ಹಾಕಿದೆ.

ಕುರಿ ಹೊಡೆದುಕೊಂಡು ಬರುತ್ತಿದ್ದ ಅಜ್ಜಿಯೊಬ್ಬಳು ಅದನ್ನು ಕಂಡು ಓಡಿಬಂದಳು.

"ಏನ್ ಮಾಡಿದಿಬೇ! ಗಿಡ ಅಳಿಯಾಕ ಬಂದೀಯೋ, ನಮ್ಮ ಮಂದೀನ ಚೆಲ್ಲಾಕ ಬಂದೀಯೋ?"

ನನಗೂ ಸಿಟ್ಟು ಬಂತು. ನಾಲ್ಕು ಕಲ್ಲಿಗೆ ಇಷ್ಟು ಬೈಗುಳವೇ? ಸಂಗತಿಯನ್ನು ಅವಳೇ ಬಿಡಿಸಿ ಹೇಳಿದಳು. ಆ ಊರಿನವರು ದುಡಿಯಲು ದೂರ ಹೊರಟಾಗ ಬೇವಿಗೆ ಹೇಳಿ, ಬುಡದಲ್ಲಿ ತಮ್ಮದೊಂದು ಕಲ್ಲು ಇಟ್ಟು ಹೋಗುತ್ತಾರೆ. ತಿರುಗಿ ಬಂದವರು ಮನೆಗೆ ಹೋಗುವ ಮುಂಚೆ ಅದನ್ನು ತೆಗೆದು ಹಳ್ಳಕ್ಕೆ ಎಸೆಯುತ್ತಾರೆ. ಅಂದರೆ ನಾನು ಕಾಲಿನಿಂದ ಸರಿಸಿದ್ದು ಇನ್ನೂ ಬಾರದವರ ಕಲ್ಲುಗಳನ್ನು. ನಾಚಿಕೆಯಿಂದ ಕುಗ್ಗಿಹೋದೆ.

ಅಜ್ಜಿ ನೆಲಕ್ಕೆ ಕೂತು ಒಂದೊಂದನ್ನೇ ಗುರುತು ಹಿಡಿದು ಅದರ ಜಾಗಕ್ಕೆ ಇಡತೊಡಗಿದಳು. "ಇದು ನನ್ನ ಮಗಳದು, ಪುಣೆದಾಗ ಅದಾಳ. ಇದು ಬಾಜೂ ಮನಿ ಗಂಡ-ಹೆಂಡ್ತಿದು. ಇದು ಬಡಿಗ್ಯಾಂದು, ಹೈದರಾಬಾದಿಗೆ ಹೋಗ್ಯಾನ." ನಾನು ಎತ್ತಿ ಎತ್ತಿ ಕೊಟ್ಟೆ. ಅವಳು ಹೇಳಿದ್ದನ್ನೆಲ್ಲ ಪಟ್ಟಿಯ ಕೊನೆಯ ಷರಾ ಅಂಕಣದಲ್ಲಿ ಬರೆದೆ. ಷರಾ ಎಂದರೆ ನಾವು 'ಒಣಗಿದೆ', 'ಬಾಗಿದೆ' ಎಂದು ಗೀಚಿ ಮುಗಿಸುವ ಜಾಗ. ಅಷ್ಟು ಸಾಲದೆ ಹಾಳೆಯ ಹಿಂಬದಿಗೂ ಹೋದೆ.

ರಾಯಚೂರಿನ ಕಚೇರಿಯಲ್ಲಿ ನನ್ನ ಮೇಲಿನವರು ಹಾಳೆ ತಿರುವಿ ನಕ್ಕರು. "ಗಿಡ ಬರೀರಿ ಅಂದ್ರ ಕಥಿ ಬರ್ಕೊಂಡು ಬಂದೀರಲ್ರೀ. ತೆಗೀರಿ ಇದನ್ನ."

"ತೆಗಿಯಂಗಿಲ್ರೀ ಸರ್. ಅಲ್ಲಿ ಇದ್ದದ್ದನ್ನ ಬರದೀನಿ."

ನನ್ನ ಗುತ್ತಿಗೆ ಹೋದರೆ ಹೋಗಲಿ, ಆ ಹಾಳೆ ಮಾತ್ರ ಬಿಡುವುದಿಲ್ಲ ಎಂಬ ಹಟ ಹಿಡಿದಿತ್ತು. ಕೊನೆಗೆ ಅವರೇ ಬೇಸತ್ತು ಅದನ್ನು ಹಾಗೇ ಕಡತಕ್ಕೆ ಸೇರಿಸಿದರು.

ದೇವದುರ್ಗದಲ್ಲಿ ಅಹವಾಲು ಕೇಳುವ ಸಭೆ ನಡೆದಾಗ ಅಜ್ಜಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ಎಂಜಿನಿಯರು ಸಮಾಧಾನದಿಂದಲೇ ಹೇಳಿದರು: "ಒಂದಕ್ಕ ಹತ್ತು ಗಿಡ ಹಚ್ತೀವಿ ಯವ್ವಾ."

"ಹಚ್ರಿ ಯಪ್ಪಾ, ನೆಳ್ಳ ಆಗ್ತದ. ಆದ್ರ ನನ್ನ ಮಗಳು ಹೇಳಿ ಹೋಗಿದ್ದು ಈ ಗಿಡಕ್ಕ. ನಾಳಿ ಬಂದು ಅಕಿ ಯಾರಿಗೆ 'ಬಂದೀನಿ' ಅಂತ ಹೇಳ್ಬೇಕು?"

ಸಭೆ ನಡೆಸುತ್ತಿದ್ದ ಹಿರಿಯ ಅಧಿಕಾರಿ ನನ್ನ ಹಾಳೆಯನ್ನು ತರಿಸಿಕೊಂಡು, ಹಿಂಬದಿಯನ್ನೂ ಬಿಡದೆ ಓದಿದರು. ಮುಂದಿನ ವಾರ ಜಾಗಕ್ಕೇ ಬಂದರು. ಬುಡದ ಹತ್ತಿರ ಹೋಗುವ ಮುಂಚೆ "ಎಲ್ಲಿ ಕಾಲಿಡ್ಲಿ ಯವ್ವಾ?" ಎಂದು ಅಜ್ಜಿಯನ್ನು ಕೇಳಿದರು. ನನಗೆ ಹೊಳೆಯದೇ ಇದ್ದ ಪ್ರಶ್ನೆ ಅದು. ಸುತ್ತ ನೋಡಿದ ಮೇಲೆ ಎದುರಿನ ಸರ್ಕಾರಿ ಪಾಳು ಜಾಗ ತೋರಿಸಿ, "ರಸ್ತಿ ಆ ಕಡಿ ಹೊಳ್ಳಲಿ" ಎಂದರು.

ಆದೇಶದ ಪ್ರತಿ ಕೈಗೆ ಬಂದ ದಿನ ಬಸ್ಸಿನಲ್ಲಿ ನಿಂತೇ ಅರಕೇರಾಕ್ಕೆ ಹೋದೆ. ಅಜ್ಜಿ ಎರಡು ಸಲ ಓದಿಸಿದಳು. ಸಾಲದೆ ಮಗಳಿಗೆ ಫೋನು ಹಚ್ಚಿಸಿ, "ಅಕಿಗೂ ಓದು" ಎಂದಳು. ದನಿ ಏರಿಸಿ ಓದಿದೆ: ಊರವರ ಭಾವನೆ ಹಾಗೂ ರೂಢಿಯನ್ನು ಪರಿಗಣಿಸಿ ಸದರಿ ಮರವನ್ನು ಉಳಿಸತಕ್ಕದ್ದು. ಸರ್ಕಾರಿ ಕನ್ನಡ ಅಷ್ಟು ಸಿಹಿಯಾಗಿ ನನಗೆ ಯಾವತ್ತೂ ಕೇಳಿಸಿರಲಿಲ್ಲ. ಆ ಕಡೆ ಕಟ್ಟಡ ಕೆಲಸದ ಗದ್ದಲ. ಅದರ ನಡುವೆಯೇ ಮಗಳು ಜೊತೆಯವರಿಗೆ ಕೂಗಿ ಹೇಳಿದಳು: "ನಮ್ಮ ಗಿಡ ಉಳೀತಂತ!" ನಮ್ಮ ಭಾಗದಿಂದ ಹೋದ ಹೆಂಗಸರೆಲ್ಲ ಒಮ್ಮೆಗೇ ಕೇಕೆ ಹಾಕಿದರು. ನಾನೂ ಇಲ್ಲಿಂದ ಕೇಕೆ ಹಾಕಿದೆ, ಕುರಿಗಳು ಬೆದರಿ ಚೆದುರಿದವು.

ಅಜ್ಜಿ ಅವುಗಳ ಕಡೆ ನೋಡಲೂ ಇಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದು, "ಗಿಡ ಉಳದದ. ಇನ್ನ ನೀ ಬಾ, ನನ್ನವ್ವಾ" ಎಂದಳು.