ಕರವಸ್ತ್ರದೊಳಗಿನ ಅಯಸ್ಕಾಂತ

ಮೊನ್ನೆ ಭಾನುವಾರ ನನ್ನ ಸ್ಕೂಟರ್ ಕೊಳ್ಳಲು ಬಂದವನು ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ ಅಯಸ್ಕಾಂತ ತೆಗೆದ. ಪಕ್ಕದ ಮನೆಯ ಮಾವ ನೆನಪಾದರು. ಜೊತೆಗೆ ಆ ಹಳೆಯ ಸಿಟ್ಟೂ ಬಂತು.

ಮಾವ ಎಂದರೆ ಸಂಬಂಧಿಯಲ್ಲ. ಉಡುಪಿ ಕಡೆಯವರು, ಮುಂಬೈಯ ಅಂಧೇರಿಯಲ್ಲಿ ಹೋಟೆಲೊಂದರ ಗಲ್ಲಾದಲ್ಲಿ ಕೂತು ನಿವೃತ್ತರಾಗಿ, ಕಾಂದಿವಲಿಯ ನಮ್ಮ ಚಾಳಿನಲ್ಲಿ ಒಬ್ಬರೇ ಇದ್ದರು. ನನಗೆ ಪವಾಯಿಯ ಕೆಲಸಕ್ಕೆ ಲೋಕಲ್ ರೈಲು, ಬಸ್ಸು, ರಿಕ್ಷಾ ಎಂದು ಹತ್ತಿಳಿದು ಸಾಕಾಗಿತ್ತು. ಹಳೇ ಕಾಲದ ಅಂದದ, ದುಂಡು ದೀಪದ ಸ್ಕೂಟರ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ನೋಡಬೇಕೆಂದು ಬಾಯಿ ತಪ್ಪಿ ಮಾವನ ಮುಂದೆ ಅಂದೆ. ಅಲ್ಲಿಗೆ ನನ್ನ ಭಾನುವಾರಗಳು ಹೋದವು.

ಗಾಡಿ ನೋಡಲು ಎಲ್ಲಿಗೆ ಹೋದರೂ ಮಾವನಿಗೆ ಮೊದಲು ಚಹಾ. ಆಮೇಲೆ ಮಾರುವವನ ಊರು, ಮಕ್ಕಳು, ಬಿ.ಪಿ... ಕೊನೆಗೆ, ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಕರವಸ್ತ್ರದ ಸಮೇತ ಗಾಡಿಯ ಮೈಗೆಲ್ಲ ಹಿಡಿಯುತ್ತಿದ್ದರು. ಅಂಟಿದರೆ ತಗಡು; ಬಿದ್ದರೆ ಅಪಘಾತದಲ್ಲಿ ನೆಗ್ಗಿದ ಜಾಗಕ್ಕೆ ಪುಟ್ಟಿಯ ಮೆತ್ತು ತುಂಬಿ ಬಣ್ಣ ಬಳಿದಿದ್ದಾರೆಂದು ಅರ್ಥ. ಒಬ್ಬನ ಗಾಡಿಗೆ ಅದು ಎಲ್ಲಿಯೂ ಅಂಟಲಿಲ್ಲ. "ಪೂರ್ತಿ ಗಾಡಿಯೇ ಪುಟ್ಟಿ," ಎಂದು ಮಾವ ತೀರ್ಪು ಕೊಟ್ಟರು. ಅದು ಪ್ಲಾಸ್ಟಿಕ್ ಬಾಡಿಯದು. ಮಾರುವವನು ಗೇಟಿನ ತನಕ ನಮ್ಮನ್ನು ಬೈದುಕೊಂಡೇ ಬಂದ.

"ಅವಸರ ಎಂತಕ್ಕೆ ಮಾರಾಯ? ಬರುವ ಭಾನುವಾರ ಇನ್ನೊಂದು ನೋಡುವ," ಎಂದರು ಮಾವ.

ಆರನೆಯ ಭಾನುವಾರ ನನ್ನ ತಾಳ್ಮೆ ಕೆಟ್ಟಿತು. ಅವರಿಗೆ ಹೇಳದೆ ಬೆಳಿಗ್ಗೆಯೇ ಒಬ್ಬನೇ ಹೋಗಿ ತಿಳಿಹಸಿರು ಬಣ್ಣದ, ತಗಡಿನ ಬಾಡಿಯದೊಂದನ್ನು ತಂದುಬಿಟ್ಟೆ. ಮಾವ ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನನಗಾಗಿ ಕಾಯುತ್ತಿದ್ದರು. ನಾನು ಮುಖ ಎತ್ತಲಿಲ್ಲ. ಅವರು ಗಾಡಿಗೆ ಒಂದು ಸುತ್ತು ಬಂದರು. ಎಡಗಡೆಯ ಉಬ್ಬಿನಲ್ಲಿ ಅಯಸ್ಕಾಂತ ಜಾರಿ ಅಂಗೈಗೆ ಬಿತ್ತು. ಇನ್ನೊಮ್ಮೆ ಹಿಡಿದರು. ಮತ್ತೆ ಬಿತ್ತು.

"ಇದಕ್ಕೂ ನನ್ನ ಹಾಗೆ ಪ್ರಾಯ ಆಯ್ತು, ಶಕ್ತಿಯೇ ಇಲ್ಲ. ಗಾಡಿ ಚಂದ ಉಂಟು," ಎಂದು ಅದನ್ನು ಜೇಬಿಗೆ ಹಾಕಿಕೊಂಡರು.

ನಾನು ನಂಬಿದೆ. ಸದ್ಯ, ಪೀಡೆ ತೊಲಗಿತು ಎಂದುಕೊಂಡೆ... ಒಂದು ಸುತ್ತು ಕರೆದುಕೊಂಡು ಹೋಗು ಎಂದು ಅವರು ಕೇಳಲಿಲ್ಲ, ನಾನೂ ಕರೆಯಲಿಲ್ಲ. ಮರುವರ್ಷ ತೀರಿಕೊಂಡರು.

ಮೊನ್ನೆ ಬಂದವನ ಅಯಸ್ಕಾಂತ ಹೊಚ್ಚಹೊಸದು. ಬಲಗಡೆ ಗಟ್ಟಿಯಾಗಿ ಅಂಟಿತು. ಎಡಗಡೆ ಅದೇ ಜಾಗದಲ್ಲಿ ಜಾರಿ ಬಿತ್ತು. "ಪುಟ್ಟಿ ಹೈ, ಅಂಕಲ್," ಎಂದು ಹೊರಟುಹೋದ.

ಆರು ವಾರ ನನ್ನ ತಲೆ ತಿಂದ ಮನುಷ್ಯ ಆ ಒಂದು ಮಾತನ್ನು ಮಾತ್ರ ಯಾಕೆ ನುಂಗಿಕೊಂಡರು? ಕೇಳೋಣವೆಂದರೆ ಪಕ್ಕದ ಬಾಗಿಲಲ್ಲಿ ಈಗ ಬೇರೆಯವರ ಚಪ್ಪಲಿ.