ಅವ್ವನ ಸೆರಗಿನ ಸದ್ದು

ಸತ್ತವರು ಸುಳಿವು ಕೊಡುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ಮುಖ ತಿರುಗಿಸಿ ನಗುತ್ತಿದ್ದೆ. ಓದಿದ್ದು ಎಲೆಕ್ಟ್ರಾನಿಕ್ಸ್. ಮೀಟರಿನ ಮುಳ್ಳು ಅಲುಗಿದರಷ್ಟೇ ನನಗೆ ನಂಬಿಕೆ. ಈಗ ನೀವೂ ನಗಬಹುದು, ಬೇಸರವಿಲ್ಲ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ನಾವು ತಿರುವನಂತಪುರದ ಶ್ರೀಕಾರ್ಯಂನಲ್ಲಿದ್ದೆವು. ಕೊಚ್ಚಿಯ ಗೆಳತಿ, ನಾನು ಅಕ್ಕ ಎಂಬಂತೆ ಚೇಚಿ ಎಂದೇ ಕರೆಯುತ್ತಿದ್ದ ಶೈಲಜ, ನೂಲಿನ ಜೊತೆ ತಾಮ್ರದ ಎಳೆ ಸೇರಿಸಿ ದೊಡ್ಡದೊಂದು ಬಟ್ಟೆ ನೇಯುತ್ತಿದ್ದರು. ಮುಟ್ಟಿದ ಕಡೆ ಒಂದೊಂದು ಸದ್ದು ಕೇಳಬೇಕು: ಬೋಟಿನ ಹಾರ್ನ್, ಶುಂಠಿ ಒಣಹಾಕುವವರ ಮಾತು. ವೈರು, ಸ್ಪೀಕರು ನನ್ನ ಪಾಲಿನ ಕೆಲಸ. ರಜೆ ಸಿಕ್ಕಾಗಲೆಲ್ಲ ಖುಷಿಯಿಂದ ರೈಲು ಹತ್ತುತ್ತಿದ್ದೆ.

ಆ ಬಟ್ಟೆಗೆ ಸೇರಿಸಲೆಂದು ಅವ್ವನ ಇಳಕಲ್ ಸೀರೆಯ ಸೆರಗು ಕೊಟ್ಟೆ. ಅವ್ವ ತಾನೇ ನೇಯ್ದದ್ದು. ಅವಳು ತೀರಿಕೊಂಡ ಮೇಲೆ ಮಗ್ಗ ಯಾರದೋ ಮನೆ ಸೇರಿತ್ತು. ಅವಳ ದನಿಯೂ ನನ್ನ ನೆನಪಿನಿಂದ ಮಾಸುತ್ತಿತ್ತು. ಅಜ್ಜಿಯನ್ನೇ ಕಾಣದ ನನ್ನ ಪುಟ್ಟ ಮಗಳಿಗೆ ತೋರಿಸಲು ಉಳಿದದ್ದು ಆ ತುಂಡೊಂದೇ.

ಚೇಚಿ ಜರಿಯಂಚಿನ ಕಸವು ಮುಂಡು ನೇಯುವ ಮನೆಯವರು. ಸೆರಗೆಂದರೆ ಜರಿ ಇದ್ದೇ ಇರುತ್ತದೆ, ಜರಿಯಲ್ಲಿ ಕರೆಂಟು ಹರಿಯುತ್ತದೆ ಎಂದುಕೊಂಡು ಅದಕ್ಕೇ ವೈರು ಹೊಲಿದುಬಿಟ್ಟಿದ್ದರು. ಇದು ಬರೀ ರೇಷ್ಮೆ ಎಂದು ನಕ್ಕು, ಮೀಟರಿಟ್ಟು ತೋರಿಸಿದೆ. "ಸಾರಮಿಲ್ಲ ಮೋಳೇ, ಇರಲಿ ಬಿಡು" ಎಂದು ಅವರೂ ನಕ್ಕರು. ಆ ವೈರ್‌ಗೆ ನಾವು ಯಾವ ಸದ್ದನ್ನೂ ತುಂಬಲಿಲ್ಲ.

ಕೊಚ್ಚಿಯ ಮಟ್ಟಾಂಚೇರಿಯ ಹಳೆಯ ಗೋದಾಮಿನಲ್ಲಿ ಪ್ರದರ್ಶನ. ಮಧ್ಯಾಹ್ನ ಜನ ಖಾಲಿಯಾಗಿದ್ದಾಗ ಮಗಳನ್ನು ಕರೆದು, "ನಿಮ್ಮಜ್ಜಿ ನೇದಿದ್ದು ನೋಡವಾ, ಮುಟ್ಟು" ಎಂದೆ. ಅವಳು ಅಂಗೈ ಇಟ್ಟಳು.

ಮಗ್ಗದ ಸದ್ದು ಬಂತು. ಕಟಕ್, ಕಟಕ್, ಕಟಕ್. ಆಮೇಲೊಂದು ತಡೆ. ಮತ್ತೆ ಕಟಕ್. ಅದು ಅವ್ವನ ಮಗ್ಗ. ನನ್ನ ತಮ್ಮ ಕೂಸಾಗಿದ್ದಾಗ ಅವ್ವ ತೊಟ್ಟಿಲ ಹಗ್ಗವನ್ನು ಮಗ್ಗದ ಪಕ್ಕಕ್ಕೇ ಕಟ್ಟಿಕೊಂಡು, ನೇಯ್ಗೆಯ ನಡುನಡುವೆ ಕೈ ಬಿಟ್ಟು ಜಗ್ಗುತ್ತಿದ್ದಳು. ತಮ್ಮ ದೊಡ್ಡವನಾದರೂ ಅವಳ ಮಗ್ಗ ಹಾಗೇ ತಡೆದು ತಡೆದು ನಡೆಯುತ್ತಿತ್ತು.

"ಅಮ್ಮಾ, ಕೇಟ್ಟೋ?" ಎಂದಳು ಮಗಳು, ಎಂದಿನಂತೆ ಮಲಯಾಳದಲ್ಲೇ. ಕೇಳಿತು ಎಂದು ತಲೆಯಾಡಿಸಿ ಸೆರಗಿನತ್ತ ಧಾವಿಸಿದೆ. ನಾನು ಕೈಯಿಡುವಷ್ಟರಲ್ಲಿ ಸದ್ದು ನಿಂತಿತು, ಮತ್ತೆಂದೂ ಬರಲಿಲ್ಲ. ಸದ್ದುಗಳನ್ನು ತುಂಬಿದ್ದ ಡಬ್ಬಿ ಬಿಚ್ಚಿ ಎಲ್ಲವನ್ನೂ ನೋಡಿದೆ. ಬೋಟಿತ್ತು, ಶುಂಠಿಯವರಿದ್ದರು, ಮಗ್ಗವಿರಲಿಲ್ಲ.

ವೈರಿಂಗ್ ಕೆಟ್ಟಿರಬೇಕು ಎಂದು ಎಷ್ಟು ಹೇಳಿಕೊಂಡರೂ ಮನಸ್ಸು ಒಪ್ಪಿಲ್ಲ. ತೊಟ್ಟಿಲ ಹಗ್ಗದ ವಿಷಯವನ್ನು ಮಗಳಿಗೆ ಇವತ್ತಿಗೂ ಹೇಳಿಲ್ಲ. ಈಗವಳು ದೊಡ್ಡವಳು. ಏನಾದರೂ ಯೋಚಿಸುತ್ತ ಕೂತಾಗ ಮೇಜಿನ ಮೇಲೆ ಬೆರಳು ಬಡಿಯುತ್ತಾಳೆ. ನಡುವೆ ತಡೆದು, ಪಕ್ಕಕ್ಕೆ ಕೈ ಚಾಚಿ, ಅಲ್ಲಿಲ್ಲದ ಏನನ್ನೋ ಮೆಲ್ಲಗೆ ಜಗ್ಗುತ್ತಾಳೆ.